ಆರರ ಎಡಬಲ

ತೊಂಬತ್ತರ ದಶಕದ ನಡುವಿನಲ್ಲಿ ಸಿಂಧನೂರಿಗೆ ಕಂಪ್ಯೂಟರ್ ಕ್ಲಾಸು ಬಂತು. ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರು ಹೂವಿನ ಹೊದಿಕೆ ಹೊದ್ದು ಕೂತಿತ್ತು. ಧೂಳು ತಾಗಬಾರದೆಂದು ನಾವು ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋಗಬೇಕಿತ್ತು. ಕೆಳಗಿನಿಂದ ಬರುವ ಯೂರಿಯಾ ವಾಸನೆಗೆ ಅಂಥ ಕಟ್ಟಳೆ ಇರಲಿಲ್ಲ.

ಪಿಯುಸಿ ಮುಗಿಸಿದ ನಾನು ಮಸ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಸಿಂಧನೂರಿನವಳೇ, ಉರ್ದು ಶಾಲೆಯಲ್ಲಿ ಓದಿದವಳು. ನಮ್ಮ ಸರ್ ಹೈದರಾಬಾದಿನಲ್ಲಿ ಸಣ್ಣದೊಂದು ಕೋರ್ಸ್ ಮಾಡಿ ಬಂದಿದ್ದರು. ಅಷ್ಟರಲ್ಲೇ ಅವರಿಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಏನೂ ಉಳಿದಿರಲಿಲ್ಲ.

ಒಂದು ದಿನ ಅವರು, ನಾವು ಬಳಸುವ ಸಂಖ್ಯೆಯನ್ನು ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕಕ್ಕೆ ತರುವ ಪ್ರೋಗ್ರಾಮ್ ಬರೆಸಿದರು. ಎರಡರಿಂದ ಭಾಗಿಸುತ್ತಾ ಹೋಗುವುದು, ಉಳಿದ ಶೇಷವನ್ನು ಬಂದ ಹಾಗೇ ಪರದೆಯ ಮೇಲೆ ಎಡದಿಂದ ಸಾಲಾಗಿ ಮೂಡಿಸುವುದು. ನಾನು ಆರು ಕೊಟ್ಟೆ. 011 ಬಂತು. ಪುಸ್ತಕದಲ್ಲಿ 110 ಎಂದಿತ್ತು.

"ಸರ, ಉಲ್ಟಾ ಬಂದೈತ್ರೀ."

ಸರ್ ಪರದೆ ನೋಡಿದರು, ಪುಸ್ತಕ ನೋಡಿದರು, ಕೊನೆಗೆ ತಪ್ಪು ಅಲ್ಲೇ ಇರಬೇಕೆಂಬಂತೆ ನನ್ನ ಮುಖ ನೋಡಿದರು.

"ಕಂಪ್ಯೂಟರ್ ತಪ್ಪು ಮಾಡಂಗಿಲ್ಲ ಬೇ. ನೀ ಓದಾಕತ್ತಿದ್ದು ತಪ್ಪೈತಿ. ಬಲಗಡಿಂದ ಓದಬೇಕು, ಉರ್ದು ಓದಿದಂಗ."

ನಮ್ಮ ಸೀಮೆಯನ್ನು ಉರ್ದುವಿನಲ್ಲಿ ಆಳಿದ ನಿಜಾಮರು ಹೋಗಿ ಅಷ್ಟು ಕಾಲವಾದರೂ ಅವರ ದರ್ಬಾರು ಕಂಪ್ಯೂಟರಿನೊಳಗೆ ನಡೆದೇ ಇದೆಯೆಂದು ತಿಳಿದು ಕ್ಲಾಸು ಬೆರಗಾಯಿತು. ಎಲ್ಲರೂ ಭಕ್ತಿಯಿಂದ ಬರೆದುಕೊಂಡರು. ಗೆಳತಿ ಮಾತ್ರ ಕೈಯೆತ್ತಿದಳು.

"ಸರ, ಉರ್ದುದಾಗ ಅಕ್ಷರ ಬಲಗಡಿಂದ ಬರೀತೀವ್ರೀ. ಸಂಖ್ಯೆ ಎಡಗಡಿಂದಾನ."

ಸರ್‌ಗೆ ತಕ್ಷಣ ಕೆಳಗಿನ ಅಂಗಡಿಯಲ್ಲಿ ಭಾರೀ ತುರ್ತಿನ ಕೆಲಸ ನೆನಪಾಯಿತು.

ಅವರು ಇಳಿದು ಹೋದ ಮೇಲೆ ಇಬ್ಬರೂ ತಲೆ ಕೆರೆದುಕೊಂಡೆವು. "ಶೇಷ ಬಂದಂಗ ಬಂದಂಗ ಹಳೇದರ ಎಡಕ್ಕ ಜೋಡಿಸಿದ್ರ?" ಎಂದಳು ಅವಳು. ಪೂರ್ತಿ ಜೋಡಿಸಿದ ಮೇಲೇ ಪರದೆಗೆ ತರುವಂತೆ ನಾನು ತಿದ್ದಿದೆ. 110! ಹನ್ನೆರಡು ಕೊಟ್ಟೆವು, 1100. ನಾವು ಕಿರುಚಿದ್ದಕ್ಕೆ ಸರ್ ಓಡಿ ಬಂದರು, ಕಂಪ್ಯೂಟರು ಸುಟ್ಟುಹೋಯಿತೆಂದು. ಪರದೆ ನೋಡಿ ಸಾವಕಾಶ ಕನ್ನಡಕ ಒರೆಸಿಕೊಂಡರು.

"ಹಾಂ. ನಾ ಇದನ್ನ ಹೇಳಿದ್ದೆ. ನೀವ ಲಕ್ಷ್ಯ ಕೊಡಲಿಲ್ಲ."

ಲಿಂಗಸುಗೂರಿನ ಹುಡುಗರ ಮುಂದಿನ ಬ್ಯಾಚಿಗೆ ನಮ್ಮಿಬ್ಬರನ್ನೂ ಸಹಾಯಕಿಯರೆಂದು ನೇಮಿಸಿಕೊಂಡರು. ಹೈದರಾಬಾದಿನಲ್ಲಿ ತಾವೇ ಕಂಡುಹಿಡಿದ ಉಪಾಯವೆಂದು ಶೇಷವನ್ನು ಎಡಕ್ಕೆ ಜೋಡಿಸುವುದನ್ನು ಅವರಿಗೆ ಕಲಿಸಿದರು. ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಹೊಟ್ಟೆ ಉರಿಯಿತು. ಗೆಳತಿಯೋ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ.