ಗಡಸು ನೀರಿನ ಬೇಳೆ

ಲಿಂಗಸುಗೂರಿನ ನಮ್ಮ ಓಣಿಯ ನಲ್ಲಿ ನೀರು ಕಂಡರೆ ನನಗೆ ಆಗುವುದಿಲ್ಲ. ಬೋರಿನ ನೀರು ಅದು. ಸಾಬೂನು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ. ತಲೆಗೆ ಹಾಕಿಕೊಂಡರೆ ಕೂದಲು ನಾರಾಗುತ್ತದೆ. ಸ್ಟೀಲ್ ಕೊಡದ ಒಳಗೆ ಹತ್ತಿಕೊಂಡ ಬಿಳಿ ಸುಣ್ಣ ಹುಣಸೆಹಣ್ಣಿಗೂ ಜಗ್ಗುವುದಿಲ್ಲ. ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಿರುತ್ತಿದ್ದೆ. ಆದರೆ ಈ ನೀರಿನಲ್ಲಿ ತೊಗರಿ ಬೇಳೆ ಬೇಯುವುದಿಲ್ಲ, ಆ ತಪ್ಪನ್ನು ಇಡೀ ಮನೆ ನನ್ನ ತಲೆಗೆ ಕಟ್ಟಿತು.

ನನ್ನ ತವರು ಸಿಂಧನೂರು. ಅಲ್ಲಿ ಕಾಲುವೆ ನೀರು ಕೆರೆಗೆ ಬಂದು, ಕೆರೆಯಿಂದ ನಲ್ಲಿಗೆ ಬರುತ್ತದೆ. ಅದೇನು ಅಮೃತವಲ್ಲ. ಒಮ್ಮೊಮ್ಮೆ ಕೆಂಪಗಿರುತ್ತದೆ, ಒಮ್ಮೊಮ್ಮೆ ಪಾಚಿ ವಾಸನೆ ಹೊಡೆಯುತ್ತದೆ, ಸೋಸಿ ಕಾಯಿಸದೆ ಕುಡಿಯುವಂತಿಲ್ಲ. ಆದರೆ ಮೆತ್ತಗಿನ ನೀರು. ಕುಕ್ಕರ್ ಒಂದೆರಡು ಸೀಟಿ ಹೊಡೆಯುವಷ್ಟರಲ್ಲಿ ಬೇಳೆ ಬೆಣ್ಣೆಯಾಗಿರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಅದೇ ಲೆಕ್ಕದಲ್ಲಿ ಬೇಳೆ ಇಟ್ಟೆ. ಮುಚ್ಚಳ ತೆಗೆದರೆ ನೀರು ಮೇಲೆ, ಬೇಳೆ ಕೆಳಗೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಮತ್ತೆ ಒಲೆಯ ಮೇಲಿಟ್ಟೆ. ಗ್ಯಾಸ್ ಖರ್ಚಾಯಿತೇ ಹೊರತು ಬೇಳೆ ಒಡೆಯಲಿಲ್ಲ.

ಅತ್ತೆ ಒಂದು ಬೇಳೆಯನ್ನು ಬೆರಳಲ್ಲಿ ಹಿಚುಕಿ ನೋಡಿ ಮೂಗು ಮುರಿದರು.

"ಅಡಿಗಿಗೆ ಕೈಗುಣ ಬೇಕು. ನಿಮ್ಮವ್ವ ಏನ್ ಕಲಿಸ್ಯಾಳ ನಿನಗ?"

"ನೀರು ಗಡಸೈತ್ರಿ ಅತ್ತಿ," ಅಂದೆ.

"ನಮ್ಮ ಮಸ್ಕ್ಯಾಗ ಇದಕ್ಕಿಂತ ಗಡಸು ನೀರು. ನಾವೇನು ಹಸಿ ಬ್ಯಾಳಿ ತಿಂದು ಬೆಳದೀವೇನು?"

ಬೆಳೆದದ್ದು ಸೋಡಾ ತಿಂದು. ಮಸ್ಕಿಯ ತವರಿನಿಂದ ಅವರು ಹೊತ್ತು ತಂದ ವಿದ್ಯೆ ಅದೊಂದೇ, ಬೇಳೆಗೆ ಅಡುಗೆ ಸೋಡಾ ಸುರಿಯುವುದು. ಅರಿಶಿನ ಕೆಂಪಗಾಗಿ, ಸಾರು ಸಾಬೂನಿನ ರುಚಿ ಕೊಡುತ್ತಿತ್ತು. ಅದನ್ನು ನನ್ನ ಗಂಡ ಚಪ್ಪರಿಸಿ ಉಣ್ಣುತ್ತಿದ್ದ. ನನ್ನ ಅಡುಗೆಯ ಮಾತು ಬಂದರೆ ಮಾತ್ರ ಗೆಳೆಯರ ಮುಂದೆ, "ನಮ್ಮಾಕಿ ಮಾಡಿದ ಬ್ಯಾಳಿಲೇ ಗೋಲಿ ಆಡಬಹುದು," ಎಂದು ಹಲ್ಲು ಕಿಸಿಯುತ್ತಿದ್ದ.

ಮನೆಯಲ್ಲಿ ಫಿಲ್ಟರ್ ನೀರಿನ ಕ್ಯಾನ್ ಇರಲಿಲ್ಲವೆಂದಲ್ಲ. ಇತ್ತು. ಅದು ಕುಡಿಯಲಿಕ್ಕೆ, ಅಡುಗೆಗೆ ಮುಟ್ಟಬಾರದು ಎಂದು ಅತ್ತೆಯ ಕಟ್ಟಪ್ಪಣೆ. ಹೀಗಾಗಿ ಓಣಿಯಲ್ಲಿ, ಬಂಧುಬಳಗದಲ್ಲಿ ನನಗೆ ಅಡುಗೆ ಬಾರದವಳೆಂಬ ಹೆಸರು ಬಿತ್ತು. ಅದು ತವರಿಗೂ ಮುಟ್ಟಿ, ಅವ್ವ ಫೋನಿನಲ್ಲಿ, "ಸ್ವಲ್ಪ ಲಕ್ಷ್ಯ ಕೊಟ್ಟು ಮಾಡವ್ವಾ," ಅಂದಳು. ಅವತ್ತು ಅತ್ತುಬಿಟ್ಟೆ. ಈ ಹಾಳು ನೀರಿಗಾಗಿ ನನ್ನ ಅವ್ವನೂ ತಲೆ ತಗ್ಗಿಸಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಗಂಡನ ತಂಗಿಯನ್ನು ಸಿಂಧನೂರಿಗೇ ಕೊಟ್ಟಿದ್ದಾರೆ. "ನನ್ನ ಮಗಳ ಕೈಯಾಗ ಬ್ಯಾಳಿ ಕರಗ್ತೈತಿ," ಎಂಬುದು ಅತ್ತೆಯ ನಿತ್ಯದ ಜಪ. ಕರಗದೆ ಏನು ಮಾಡೀತು, ನಮ್ಮೂರ ನೀರು! ನಾದಿನಿ ಪಂಚಮಿಗೆ ತವರಿಗೆ ಬಂದಾಗ ಅತ್ತೆ ನನ್ನೆದುರೇ ಹೇಳಿದರು:

"ಇವತ್ತು ಬ್ಯಾಳಿ ನೀ ಮಾಡು. ಇಕಿ ನೋಡಿ ಕಲೀಲಿ."

ನಾನು ಮೆಂತ್ಯೆ ಸೊಪ್ಪು ಸೋಸುತ್ತ ಕೂತೆ. ಅವಳು ನಲ್ಲಿ ನೀರು ಹಿಡಿದು ಬೇಳೆ ಇಟ್ಟಳು. ಕುಕ್ಕರ್ ಸೀಟಿಯ ಮೇಲೆ ಸೀಟಿ ಹೊಡೆದಂತೆಲ್ಲ ನನಗೆ ಒಳಗೊಳಗೇ ಖುಷಿ. ಸುಳ್ಳೇಕೆ ಹೇಳಲಿ, ಆ ಬೇಳೆ ಬೇಯದಿರಲಿ ಎಂದು ದೇವರಿಗೂ ಕೈಮುಗಿದೆ. ಮುಚ್ಚಳ ತೆಗೆದವಳ ಮುಖ ಸಣ್ಣಗಾಯಿತು. ಅತ್ತೆ ಬಂದು ಹಿಚುಕಿ ನೋಡಿದರು. ಈಗ ಯಾರ ಕೈಗುಣ ಅನ್ನುತ್ತೀರಿ, ಹೇಳಿ ನೋಡೋಣ ಎಂದು ನಾನು ಕಾದೆ.

"ಈ ಸುಡುಗಾಡು ನೀರು! ಪಾಪ, ನನ್ನ ಕೂಸರ ಏನ್ ಮಾಡೀತು?"

ಅಷ್ಟಂದು ಆ ಬೇಳೆಯನ್ನು ಚೆಲ್ಲಿಸಿ, ಹೊಸದು ತೊಳೆದು, ಅತ್ತೆ ತಾವೇ ಕ್ಯಾನ್ ಎತ್ತಿ ಕುಕ್ಕರಿಗೆ ಫಿಲ್ಟರ್ ನೀರು ಬಗ್ಗಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಗೊತ್ತಿತ್ತು ಈ ಹೆಂಗಸಿಗೆ. ನಾನು ಬಂದ ದಿನದಿಂದಲೂ ಗೊತ್ತಿತ್ತು.

ನಾದಿನಿ ಊರಿಗೆ ಹೋದ ಮರುದಿನ ನಾನು ಯಾರನ್ನೂ ಕೇಳದೆ ಕ್ಯಾನಿನ ನೀರಿನಲ್ಲೇ ಬೇಳೆ ಇಟ್ಟೆ. ಈ ಮನೆಯಲ್ಲಿ ನಾನು ಮಾಡಿದ ಬೇಳೆ ಮೊದಲ ಸಲ ತವರಿನ ಹಾಗೆ ಬೆಂದಿತು. ಗಂಡ ರೊಟ್ಟಿಯ ಮೇಲೆ ರೊಟ್ಟಿ ಮುರಿದ. ಅತ್ತೆ ಬೆರಳು ನೆಕ್ಕಿದರು.

"ಇವತ್ತು ಬ್ಯಾಳಿ ಭಾಳ ಚಲೋ ಆಗೈತಲ್ಲ!"

"ಫಿಲ್ಟರ್ ನೀರಾಗ ಕುದಿಸೀನ್ರಿ," ಅಂದೆ. ಈಗಲಾದರೂ ಒಂದು ಮಾತು ಬಾಯಲ್ಲಿ ಬರಲಿ ಎಂದು ಅವರ ಮುಖವನ್ನೇ ನೋಡುತ್ತ ನಿಂತೆ.

ಅತ್ತೆ ತಾಟು ಬಳಿದುಕೊಂಡು ಹೇಳಿದರು: "ಹಂಗಾರ ಅದು ನೀರಿಂದು ಅನ್ನು. ನಿಂದೇನೈತಿ ಅದರಾಗ?"

ಗಂಡ ಹೌದೆಂದು ತಲೆಯಾಡಿಸಿ, ಇನ್ನೊಂದಿಷ್ಟು ಹಾಕು ಎಂದು ತಾಟು ಮುಂದೆ ಮಾಡಿದ.