ಹಾರ ಹಾಕಿಟ್ಟ ಫ್ಲೆಕ್ಸು

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ನಮ್ಮ ಫ್ಲಾಟಿನ ಕೆಳಗೆ ಫ್ಲೆಕ್ಸ್ ಅಂಗಡಿ ಇಟ್ಟಿದ್ದವನು ಬೀದರ್ ಕಡೆಯವನು. ಪುಢಾರಿಗಳ ಹುಟ್ಟುಹಬ್ಬ, ಗೆಲುವು, ಸಾವು ಎಲ್ಲವನ್ನೂ ಒಂದೇ ಮುಖ ಇಟ್ಟುಕೊಂಡು ಪ್ರಿಂಟ್ ಮಾಡುತ್ತಿದ್ದ. ಅವಸರ ಮಾಡಿದವರಿಗೆ, ಪಾನ್ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ತಯಾರಿ ಇರಬೇಕ್ರಿ" ಎನ್ನುತ್ತಿದ್ದ.

ಕೆರೆ ನುಂಗಿದ ಆರೋಪ ಹೊತ್ತಿದ್ದ ನಮ್ಮ ಏರಿಯಾದ ಲೀಡರು, ವಿಚಾರಣೆಗೆ ಹೋಗಬೇಕಾದ ದಿನವೇ ಆಸ್ಪತ್ರೆ ಸೇರಿ ತೀರಿಕೊಂಡ. ಹಾರ್ಟ್ ಅಟ್ಯಾಕ್ ಎಂದರು, ಯಾರೂ ನಂಬಲಿಲ್ಲ. ಎಲ್ಲಿ ಬಾಯಿಬಿಡುತ್ತಾನೋ ಎಂದು ಅವನ ಪಾರ್ಟಿಯವರೇ ಮುಗಿಸಿದರು ಅಂತ ನಮ್ಮ ಹಾಲಿನವನೂ ಹೇಳಿದ. ಯಾಕೆಂದರೆ ಟಿವಿಯಲ್ಲಿ ಇನ್ನೂ "ಆರೋಗ್ಯ ಸ್ಥಿರ" ಎಂದು ಬರುತ್ತಿದ್ದಾಗಲೇ ಮೆಟ್ರೋ ಕಂಬಕ್ಕೆ ಶ್ರದ್ಧಾಂಜಲಿ ಫ್ಲೆಕ್ಸ್ ನೇತುಬಿದ್ದಿತ್ತು.

ಜನ ಅಂಗಡಿಗೆ ನುಗ್ಗಿದರು. ಗದ್ದಲ ಕೇಳಿ ನಾನೂ ಕೆಳಗಿಳಿದೆ. ಎಲ್ಲರಿಗಿಂತ ಮುಂದೆ, ಸತ್ತವನ ಸೀಟಿನ ಮೇಲೆ ಕಣ್ಣಿಟ್ಟಿದ್ದ ಅದೇ ಪಾರ್ಟಿಯ ಎರಡನೇ ಲೀಡರು. "ನಿನಗೆ ಮೊದಲೇ ಹೇಳಿದವರು ಯಾರು?" ಎಂದು ತೆಲುಗಿನಲ್ಲಿ ಗುಡುಗಿದ.

ಫ್ಲೆಕ್ಸಿನವನು ನನ್ನ ಕಡೆ ತಿರುಗಿದ. "ನೀವರ ಹೇಳ್ರಿ ಸರ್. ಇವ್ರ ಹುಡುಗ್ರ ಆಸ್ಪತ್ರಿಂದ ಫೋನ್ ಮಾಡಿದ್ರು. ಉಳದದ್ದೆಲ್ಲಾ ತಯಾರಿತ್ತು, ತಾರೀಖು ಹಾಕೀನಿ, ಅಷ್ಟ."

ಕಂಪ್ಯೂಟರನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದ. ಅದರಲ್ಲಿ ಏರಿಯಾದ ಸಮಸ್ತ ಪುಢಾರಿಗಳೂ ಹಾರ ಹಾಕಿಸಿಕೊಂಡು, ಪಕ್ಕದಲ್ಲಿ ದೀಪ ಹಚ್ಚಿಸಿಕೊಂಡು ನಗುತ್ತಿದ್ದರು. ತಾರೀಖಿನ ಜಾಗ ಮಾತ್ರ ಖಾಲಿ.

ಎರಡನೇ ಲೀಡರು ತನ್ನ ಹಾರವನ್ನು ಬಹಳ ಹೊತ್ತು ನೋಡಿದ. ಕೊಲೆಯ ಮಾತು ಅಲ್ಲಿಗೇ ನಿಂತಿತು.

"ನನ್ನ ಫೋಟೋ ಯಾಕೆ ಸತ್ತವನದಕ್ಕಿಂತ ಸಣ್ಣದು?" ಎಂದ.

ಫ್ಲೆಕ್ಸಿನವನು ಪಾನ್ ಇನ್ನೊಂದು ದವಡೆಗೆ ಸರಿಸಿ, ಮೌಸ್ ಎಳೆದು, ಅವನನ್ನು ಅಲ್ಲೇ ದೊಡ್ಡವನನ್ನಾಗಿ ಮಾಡಿದ.