ಮಗಳ ಹೆಸರಿನಲ್ಲಿ ಕೇಳಿದ ಕ್ಷಮೆ

ಟೆಸ್ಸಿ ಎಂಬ ಮುದಿ ನಾಯಿ ಸತ್ತದ್ದು ನನ್ನ ಮಗಳ ತಪ್ಪಿನಿಂದಲ್ಲ. ನನ್ನ ತಪ್ಪಿನಿಂದ. ಅದು ನನಗೆ ಅಂದೇ, ಅಲ್ಲಿಯೇ ಗೊತ್ತಿತ್ತು. ಗೊತ್ತಿದ್ದೂ ಹದಿನಾರು ವರ್ಷದ ಹುಡುಗಿಯ ತಲೆಯ ಮೇಲೆ ಅದನ್ನು ಹೊರಿಸಿದೆ. ಹೊರಿಸಿ, ಅವಳ ಪರವಾಗಿ ನಾನೇ ಕ್ಷಮೆಯನ್ನೂ ಕೇಳಿದೆ — ಒಳ್ಳೆಯ ತಾಯಿಯ ಹಾಗೆ. ಆ ಹುಡುಗಿ ಈಗ ಒಂದು ಮಗುವಿನ ತಾಯಿ. ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ.

ನಾನು ಮೂಡುಬಿದಿರೆಯಲ್ಲಿ ಹೈಸ್ಕೂಲು ಟೀಚರಾಗಿದ್ದವಳು. ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಗಂಡ ಮಸ್ಕತ್ತಿನಲ್ಲಿ, ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಮಗಳು ಶ್ರಾವ್ಯ, ಇಬ್ಬರೇ. ಅವಳಿಗೆ ಸಣ್ಣಂದಿನಿಂದಲೂ ಪ್ರಾಣಿಗಳ ಹುಚ್ಚು. ಬಸ್‌ಸ್ಟ್ಯಾಂಡಿನ ನಾಯಿಗಳ ಮೈಯಿಂದ ಉಣ್ಣಿ ಕೀಳುತ್ತಿದ್ದಳು, ಕಾಲು ಮುರಿದ ಬೆಕ್ಕನ್ನು ಸ್ಕೂಲ್‌ಬ್ಯಾಗಿನಲ್ಲಿ ಹಾಕಿ ತರುತ್ತಿದ್ದಳು. ಪಕ್ಕದ ಮನೆಯ ಕರು ಮೇವು ಬಿಟ್ಟರೆ ಅವರು ಕರೆಯುತ್ತಿದ್ದದ್ದು ಇವಳನ್ನು — ಇವಳ ಕೈಗುಣ ಒಳ್ಳೆಯದು ಎಂದು. ಮುಂದೆ ಪಶುವೈದ್ಯೆಯಾಗುವುದು ಎಂದು ಅವಳೇ ತೀರ್ಮಾನಿಸಿ ಆಗಿತ್ತು. ನಾವು ಯಾರೂ ಅದನ್ನು ಪ್ರಶ್ನಿಸಿರಲಿಲ್ಲ.

ಅವಳ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ನಾವಿಬ್ಬರೂ ಸ್ಕಾಟ್‌ಲೆಂಡಿಗೆ ಹೋದೆವು. ದಾರಿ ಹುಡುಕಿದ್ದು ಅವಳೇ. ವಿದೇಶದಲ್ಲಿ ಮನೆಯವರು ಎಲ್ಲಿಗಾದರೂ ಹೋಗುವಾಗ ಮನೆ ಮತ್ತು ಸಾಕುಪ್ರಾಣಿ ನೋಡಿಕೊಳ್ಳಲು ಗುರುತಿಲ್ಲದವರನ್ನು ಕರೆದು ಇರಿಸಿಕೊಳ್ಳುವ ಕ್ರಮ ಉಂಟು. ಅವರು ಸಂಬಳ ಕೊಡುವುದಿಲ್ಲ, ನಾವು ಬಾಡಿಗೆ ಕೊಡುವುದಿಲ್ಲ. ಟೀಚರೊಬ್ಬಳು ಮಗಳೊಂದಿಗೆ ಪರದೇಶ ನೋಡಲು ಇದ್ದದ್ದು ಅದೊಂದೇ ದಾರಿ. ನನ್ನ ತವರು ಬಂಟ್ವಾಳ, ಅಲ್ಲಿ ಅಕ್ಕ ಕೇಳಿದಳು — “ಬಿಳಿಯರ ಮನೆಯ ನಾಯಿ ಕಾಯ್ಲಿಕ್ಕೆ ಅಷ್ಟು ದೂರ ಹೋಗುದಾ ಮಾರಾಯ್ತಿ?” ನಾನು ನಕ್ಕೆ. ಆದರೆ ಆ ಮಾತು ಒಳಗೆ ಎಲ್ಲೋ ಕೂತಿತ್ತು.

ಕಡಲತೀರದ ಸಣ್ಣ ಊರು, ಕಲ್ಲಿನ ಮನೆ. ಯಜಮಾನಿ ಐಲೀನ್, ಗಂಡನನ್ನು ಕಳೆದುಕೊಂಡ ವಯಸ್ಸಾದ ಹೆಂಗಸು. ತಂಗಿಗೆ ಆಪರೇಶನ್ ಎಂದು ಇಂಗ್ಲೆಂಡಿಗೆ ಹೊರಟಿದ್ದರು. ಮನೆಯಲ್ಲಿ ಇದ್ದದ್ದು ಟೆಸ್ಸಿ — ಕಂದು ಬಣ್ಣದ, ಕಣ್ಣು ಅರ್ಧ ಮಂಜಾದ ಹೆಣ್ಣು ನಾಯಿ. ಅದಕ್ಕೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮತ್ತು ಸಂಜೆ ಊಟವಾದ ಮೇಲೆ ಇನ್ಸುಲಿನ್ ಚುಚ್ಚಬೇಕು. ಹೊರಡುವ ಮೊದಲು ಎರಡು ದಿನ ಐಲೀನ್ ಅದನ್ನು ಶ್ರಾವ್ಯಳಿಗೆ ಕಲಿಸಿದರು. ಕತ್ತಿನ ಹಿಂದಿನ ಚರ್ಮವನ್ನು ಹೇಗೆ ಎತ್ತಿ ಹಿಡಿಯಬೇಕು, ಸಿರಿಂಜಿಗೆ ಎಷ್ಟು ಔಷಧಿ ಎಳೆದುಕೊಳ್ಳಬೇಕು, ಸಕ್ಕರೆ ತೀರಾ ಇಳಿದು ನಾಯಿ ತೂರಾಡಿದರೆ ವಸಡಿಗೆ ಜೇನು ಹೇಗೆ ಸವರಬೇಕು. ಕೊನೆಗೆ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: ಕೊಡುವವರು ಒಬ್ಬರೇ ಇರಲಿ. ಸೂಜಿ ಸರಿಯಾಗಿ ಹೋಯಿತೋ ಇಲ್ಲವೋ ಎಂದು ಅನುಮಾನ ಬಂದರೆ ಎರಡನೇ ಸಲ ಕೊಡಲೇಬೇಡಿ. ಒಂದು ಹೊತ್ತು ತಪ್ಪಿದರೆ ಏನೂ ಆಗುವುದಿಲ್ಲ. ಎರಡು ಸಲವಾದರೆ ಟೆಸ್ಸಿ ಉಳಿಯುವುದಿಲ್ಲ.

ನಾನು ಕೇಳಿಸಿಕೊಂಡಿದ್ದೆ. ಕೇಳಿಸಲಿಲ್ಲ, ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿಲ್ಲ.

ಆ ಮನೆಯಲ್ಲಿ ನನಗೆ ಏನಾಯಿತು ಎಂಬುದನ್ನೂ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ಶ್ರಾವ್ಯ ಅಲ್ಲಿ ಅರಳಿಕೊಂಡಳು. ಅಂಗಡಿಯವರು, ನೆರೆಯವರು, ಫೋನಿನಲ್ಲಿ ಐಲೀನ್ — ಎಲ್ಲರೂ ಮಾತಾಡುತ್ತಿದ್ದದ್ದು ಅವಳ ಹತ್ತಿರ. ಅವರ ಇಂಗ್ಲಿಷ್ ನನಗೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ನಾನೊಂದು ಮಾತು ಜೋಡಿಸುವಷ್ಟರಲ್ಲಿ ಅವಳು ಉತ್ತರ ಕೊಟ್ಟಾಗಿರುತ್ತಿತ್ತು. ಕಂಡ ಕೂಡಲೇ ಕ್ಲಾಸಿಗೆ ಕ್ಲಾಸೇ ಎದ್ದು ನಿಲ್ಲುತ್ತಿದ್ದ ಟೀಚರು ಅಲ್ಲಿ ಮಗಳ ಹಿಂದೆ ಚೀಲ ಹಿಡಿದು ನಿಲ್ಲುವವಳಾದೆ. ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚು ಬರುತ್ತದೆಯೇ? ಬರುತ್ತದೆ. ಅದಕ್ಕೆ ಬೇರೆ ಹೆಸರು ಕೊಟ್ಟುಕೊಳ್ಳುತ್ತೇವೆ — ಶಿಸ್ತು, ಕಾಳಜಿ…

ಒಂದು ಸಂಜೆ ಜಗಳವಾಯಿತು. ಮರುದಿನ ಬಸ್ಸಿನಲ್ಲಿ ಪೇಟೆಗೆ ಹೋಗಿ ಕೋಟೆ ನೋಡುವ ಎಂದೆ. ಟೆಸ್ಸಿ ಸರಿಯಾಗಿ ತಿನ್ನುತ್ತಿಲ್ಲ, ಇನ್ನೊಂದು ದಿನ ಹೋಗುವ ಎಂದಳು ಅವಳು. ನಾಯಿಗೆ ಏನೂ ಆಗಿಲ್ಲ ಎಂದೆ. “ನಿನಗೆ ಅದೆಲ್ಲ ಗೊತ್ತಾಗುದಿಲ್ಲ ಅಮ್ಮ” ಎಂದುಬಿಟ್ಟಳು. ಕೆಟ್ಟದಾಗಿ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದು.

ಮರುದಿನ ಅವಳು ಏಳುವುದು ತಡವಾಯಿತು. ನಾನು ಟೆಸ್ಸಿಗೆ ಊಟ ಹಾಕಿದೆ. ಅರ್ಧ ತಿಂದು ಬಿಟ್ಟಿತು. ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದೆ. ನನಗೂ ಗೊತ್ತಾಗುತ್ತದೆ ಎಂದು ತೋರಿಸಬೇಕಿತ್ತು — ಯಾರಿಗೆ? ಅವಳು ಮಾಡುವುದನ್ನು ನೋಡಿದ ಹಾಗೆಯೇ ಮಾಡಿದೆ. ಚುಚ್ಚುವಾಗ ಟೆಸ್ಸಿ ಮೈ ಕೊಡವಿತು. ಸೂಜಿ ಹೊರಗೆ ಬಂತು. ಕೂದಲು ಒದ್ದೆಯಾದ ಹಾಗೆ ಕಂಡಿತು. ಔಷಧಿ ಒಳಗೆ ಹೋಯಿತೋ ಹೊರಗೆ ಚೆಲ್ಲಿತೋ ತಿಳಿಯಲಿಲ್ಲ. ಮಹಡಿಯ ಮೆಟ್ಟಿಲಲ್ಲಿ ಅವಳ ಹೆಜ್ಜೆ ಕೇಳಿಸಿತು. ನಾನು ಸಿರಿಂಜನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

ಕಣ್ಣುಜ್ಜಿಕೊಂಡು ಬಂದವಳು ಕೇಳಿದಳು, “ಇಂಜೆಕ್ಷನ್ ನೀನು ಕೊಟ್ಟಿಯಾ ಅಮ್ಮ?”

“ಇಲ್ಲ. ನೀನೇ ಕೊಡು” ಎಂದೆ.

ಹೇಳುವಾಗ ನಾನು ಲೆಕ್ಕ ಹಾಕಿದ್ದು ಇಷ್ಟೇ — ಔಷಧಿ ಒಳಗೆ ಹೋಗಿರಲಿಕ್ಕಿಲ್ಲ, ಹೋಗಿದ್ದರೂ ಸ್ವಲ್ಪ, ನಿನಗೆ ಗೊತ್ತಾಗುವುದಿಲ್ಲ ಎಂದವಳ ಎದುರು ನನಗೆ ಬರಲಿಲ್ಲ ಎಂದು ಒಪ್ಪಿಕೊಳ್ಳುವುದು ಹೇಗೆ… ಐಲೀನ್ ಹೇಳಿದ್ದು ನೆನಪಿತ್ತು. ನೆನಪಿದ್ದೇ ಹಾಗೆ ಹೇಳಿದೆ.

ಅವಳು ಟೆಸ್ಸಿಯ ಕತ್ತು ಸವರಿ, ಮೆಲ್ಲಗೆ ಏನೋ ಹೇಳುತ್ತಾ ಚುಚ್ಚಿದಳು. ನಾನು ನೋಡುತ್ತಾ ನಿಂತಿದ್ದೆ. ಆಮೇಲೆ ತಟ್ಟೆಯಲ್ಲಿ ಉಳಿದ ಊಟ ನೋಡಿ, “ಇವತ್ತು ಹೋಗುದು ಬೇಡ ಅಮ್ಮ” ಎಂದಳು. ನಾನು ಬಿಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಜೇಬಿನಲ್ಲಿದ್ದದ್ದು ನನ್ನ ತೊಡೆಗೆ ಒತ್ತುತ್ತಿತ್ತು. ಆಗಲೂ ಇಳಿದು ವಾಪಸು ಹೋಗುವ ಬಸ್ಸು ಹಿಡಿಯಬಹುದಿತ್ತು. ಪೇಟೆಯಲ್ಲಿ ಇಳಿದು, ಅವಳು ಟಿಕೇಟಿನ ಸಾಲಿನಲ್ಲಿ ನಿಂತಿದ್ದಾಗ, ಅದನ್ನು ಕಸದ ತೊಟ್ಟಿಗೆ ಹಾಕಿದೆ. ಕೋಟೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಇದೆ. ನಾನು ನಗುತ್ತಿದ್ದೇನೆ.

ಮಧ್ಯಾಹ್ನ ಮೀರಿ ಮನೆಗೆ ಬಂದಾಗ ಟೆಸ್ಸಿ ಅಡುಗೆಕೋಣೆಯ ನೆಲದಲ್ಲಿ ಬಿದ್ದಿತ್ತು. ನಾಲ್ಕೂ ಕಾಲು ಸೆಟೆದು ನಡುಗುತ್ತಿದ್ದವು, ಬಾಯಲ್ಲಿ ನೊರೆ. ಶ್ರಾವ್ಯ ಕಿರುಚಲಿಲ್ಲ. ಜೇನಿನ ಬಾಟಲಿ ತಂದು ಬೆರಳಿನಿಂದ ವಸಡಿಗೆ ಸವರಿದಳು. ನಾಯಿಯ ಹಲ್ಲು ಕಚ್ಚಿ ಅವಳ ಬೆರಳಿನಿಂದ ರಕ್ತ ಬಂತು, ಅವಳು ಬಿಡಲಿಲ್ಲ. ನೆರೆಯವರ ಕಾರಿನಲ್ಲಿ ಆಸ್ಪತ್ರೆಗೆ ಕೊಂಡುಹೋದೆವು. ದಾರಿಯುದ್ದಕ್ಕೂ ನಾಯಿಯ ತಲೆ ಅವಳ ಮಡಿಲಲ್ಲಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ರಕ್ತ ಪರೀಕ್ಷೆ ಮಾಡಿ, ಡ್ರಿಪ್ ಹಾಕಿ, ನಮ್ಮ ಕಡೆಗೆ ತಿರುಗಿ ಕೇಳಿದರು: ಎರಡು ಸಲ ಏನಾದರೂ ಕೊಟ್ಟಿರಾ? ಅಥವಾ ಅಳತೆ ಹೆಚ್ಚಾಯಿತಾ?

ಶ್ರಾವ್ಯ ನನ್ನ ಮುಖ ನೋಡಿದಳು. ಒಂದು ಕ್ಷಣ. ನಾನು ನೆಲ ನೋಡಿದೆ.

“ನಾನೇ ಕೊಟ್ಟದ್ದು,” ಎಂದಳು ಅವಳು ಇಂಗ್ಲಿಷಿನಲ್ಲಿ. “ನಿದ್ದೆಗಣ್ಣಲ್ಲಿದ್ದೆ. ಹೆಚ್ಚು ಎಳೆದಿರಬೇಕು.”

ಸಂಜೆಯಾಗುವ ಮೊದಲೇ ಟೆಸ್ಸಿ ಸತ್ತಿತು.

ಐಲೀನ್ ಮರುದಿನವೇ ಬಂದರು. ಅವರು ಬಾಗಿಲು ದಾಟುವಾಗ ಶ್ರಾವ್ಯ ಗೋಡೆಗೆ ಒರಗಿ ನಿಂತಿದ್ದಳು. ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಅಷ್ಟು ದಿನ ಇಂಗ್ಲಿಷ್ ಸಿಗದೆ ಒದ್ದಾಡಿದ ನನಗೆ ಆ ಹೊತ್ತು ಸಲೀಸಾಗಿ ಬಂತು. ನಾನು ಮುಂದೆ ಹೋಗಿ ಕೈ ಮುಗಿದು ಹೇಳಿದೆ — “ಅವಳಿನ್ನೂ ಮಗು. ದಯವಿಟ್ಟು ಅವಳನ್ನು ಕ್ಷಮಿಸಿ.”

ಇದೇ ಆ ಮಾತು. ಸೂಜಿ ಚುಚ್ಚಿದ್ದಕ್ಕಿಂತ, ಜೇಬಿನಲ್ಲಿ ಅಡಗಿಸಿದ್ದಕ್ಕಿಂತ, ಆಸ್ಪತ್ರೆಯಲ್ಲಿ ನೆಲ ನೋಡಿದ್ದಕ್ಕಿಂತ ದೊಡ್ಡದು ಇದು. ಭಯದಿಂದ ಸುಮ್ಮನಿದ್ದೆ ಎನ್ನಬಹುದಿತ್ತು. ಆದರೆ ಇದು ಮೌನವಲ್ಲ. ಯೋಚಿಸಿ ಆಡಿದ ಮಾತು. ಐಲೀನ್ ನನ್ನನ್ನು ದಾಟಿ ಹೋಗಿ ಶ್ರಾವ್ಯಳನ್ನು ಅಪ್ಪಿಕೊಂಡರು. ಬೈಯಲಿಲ್ಲ. ಇಬ್ಬರೂ ಅತ್ತರು. ನಾನು ಚಹಾ ಮಾಡಲು ಹೋದೆ.

ಊರಿಗೆ ಬಂದ ಮೇಲೆ ಕಾಲೇಜಿಗೆ ಅರ್ಜಿ ಹಾಕುವಾಗ ಶ್ರಾವ್ಯ ಕಾಮರ್ಸ್ ತೆಗೆದುಕೊಂಡಳು. ಗಂಡ ಮಸ್ಕತ್ತಿನಿಂದ ಫೋನು ಮಾಡಿ ಏನಾಯಿತು ಎಂದು ಕೇಳಿದರು. “ಈಗಿನ ಮಕ್ಕಳ ಮನಸ್ಸು, ಬದಲಾಯಿತು” ಎಂದೆ. ನೆರೆಮನೆಯ ಕರುವನ್ನು ನೋಡಲೂ ಹೋಗದಾದಳು. ಬಂಟ್ವಾಳದಲ್ಲಿ ನೆಂಟರು ಸೇರಿದಾಗ, ಪ್ರವಾಸದ ಸುದ್ದಿ ಬಂದರೆ, ನಾಯಿಯ ಕತೆಯನ್ನು ನಾನೇ ಹೇಳುತ್ತಿದ್ದೆ — ಪಾಪ, ಹುಡುಗಿ ಅಳತೆ ತಪ್ಪಿದಳು, ಅಂದಿನಿಂದ ಪ್ರಾಣಿಯೆಂದರೆ ದೂರ. ಎಷ್ಟು ಸಲ ಹೇಳಿದೆನೋ. ಹೇಳುತ್ತಾ ಹೇಳುತ್ತಾ ಅರ್ಧ ನಂಬಿದ್ದೆ ಕೂಡ. ಅವಳು ಬಡಿಸುತ್ತಲೋ ತಟ್ಟೆ ಎತ್ತುತ್ತಲೋ ಅಲ್ಲೇ ಇರುತ್ತಿದ್ದಳು. ಐಲೀನ್ ಪ್ರತಿ ಕ್ರಿಸ್‌ಮಸ್ಸಿಗೆ ಅವಳಿಗೆ ಶುಭಾಶಯ ಕಳಿಸುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅದು ನಿಂತಿತು. ಅವರು ತೀರಿಕೊಂಡರೆಂದು ಆಮೇಲೆ ಗೊತ್ತಾಯಿತು.

ಶ್ರಾವ್ಯಳನ್ನು ಬೆಳ್ತಂಗಡಿಗೆ ಮದುವೆ ಮಾಡಿ ಕೊಟ್ಟೆವು. ಅವಳಿಗೆ ಅಲ್ಲಿಯ ಒಂದು ಸಹಕಾರಿ ಸೊಸೈಟಿಯಲ್ಲಿ ಕೆಲಸ. ಮೊನ್ನೆ ಮಳೆ ಶುರುವಾಗುವ ಹೊತ್ತಿಗೆ ಅವಳ ಮಗನಿಗೆ ಜ್ವರ ಬಂತು, ಅಳಿಯ ಊರಲ್ಲಿರಲಿಲ್ಲ, ನಾನು ಹೋದೆ. ಮಗುವಿಗೆ ಜ್ವರದ ಸಿರಪ್ಪು ಕೊಡಬೇಕಿತ್ತು. ಅವಳು ಮುಚ್ಚಳದಲ್ಲಿ ಅಳೆದಳು. ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಬಾಟಲಿಗೆ ಸುರಿದಳು. ಮತ್ತೆ ಅಳೆದಳು. ಕೊನೆಗೆ ನನ್ನ ಮುಂದೆ ಹಿಡಿದಳು.

“ನೀನು ಒಮ್ಮೆ ನೋಡು ಅಮ್ಮ. ನನ್ನ ಕೈಯನ್ನು ನಾನು ನಂಬುದಿಲ್ಲ.”

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಔಷಧಿ ಕೊಡುವುದು ಯಾವಾಗಲೂ ಗಂಡನೇ, ಅವರಿಲ್ಲದಿದ್ದರೆ ಪಕ್ಕದ ಮನೆಯವರನ್ನು ಕರೆಯುತ್ತೇನೆ ಎಂದಳು, ಸಾಮಾನ್ಯ ವಿಷಯ ಹೇಳಿದ ಹಾಗೆ. ಸ್ವಂತ ಮಗುವಿಗೆ ಒಂದು ಮುಚ್ಚಳ ಔಷಧಿ ಕೊಡಲು ನನ್ನ ಮಗಳು ನೆರೆಯವರ ಬಾಗಿಲು ತಟ್ಟುತ್ತಿದ್ದಾಳೆ.

ಮಗು ಔಷಧಿ ಕುಡಿದು ಮಲಗಿದ ಮೇಲೆ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ; ಜೇಬು, ಕಸದ ತೊಟ್ಟಿ, ಎಲ್ಲ. ಮುಗಿದ ಮೇಲೆ ಅವಳು ಮಗುವಿನ ಹೊದಿಕೆಯ ಅಂಚನ್ನು ಸರಿಮಾಡಿದಳು. ನಾವು ಮನೆಯಲ್ಲಿ ಮಾತಾಡುವುದು ತುಳು. ಹುಟ್ಟಿದಂದಿನಿಂದ ಅವಳು ನನ್ನನ್ನು ಕರೆದದ್ದು ‘ಈ’ ಎಂದು — ನೀನು ಎಂದು. ಆ ದಿನ ಮೊದಲ ಬಾರಿಗೆ ‘ಈರ್’ ಎಂದಳು. ನೀವು. ಹೊರಗಿನವರಿಗೆ ಹೇಳುವ ಹಾಗೆ.

“ಬಸ್ಸಲ್ಲಿ ಕೂತಾಗ ನಿಮಗೆ ಗೊತ್ತಿತ್ತಾ?”

ಇಲ್ಲ ಎನ್ನಬಹುದಿತ್ತು. “ಗೊತ್ತಿತ್ತು” ಎಂದೆ.

“ಐಲೀನ್ ಆಂಟಿ ಸಾಯುವವರೆಗೆ ನನ್ನನ್ನು ಕ್ಷಮಿಸುತ್ತಾ ಇದ್ದರು,” ಎಂದಳು. ಮಗುವಿನ ಹಣೆ ಮುಟ್ಟಿ ನೋಡಿ ಮತ್ತೆ ಹೇಳಿದಳು — “ಬಂಟ್ವಾಳದಲ್ಲಿ ಎಲ್ಲರ ಹತ್ತಿರ ನನ್ನ ಹೆಸರು ಹೇಳಿದ್ದೀರಲ್ಲ. ಅವರಿಗೆ ನಾನು ಹೇಳುದಿಲ್ಲ. ನೀವೇ ಹೇಳಿ. ಈಗ ಹೋಗಿ, ಇವರು ಸಂಜೆ ಬರ್ತಾರೆ.”

ಛತ್ರಿ ತೆಗೆದುಕೊಂಡು ಹೊರಟೆ. ಗೇಟಿನವರೆಗೂ ಬರಲಿಲ್ಲ.

ಈಗಲೂ ಮಸ್ಕತ್ತಿನಲ್ಲೇ ಇರುವ ಗಂಡನಿಗೆ ಫೋನಿನಲ್ಲಿ ಹೇಳಿದೆ. ಅವರು ಫೋನು ಇಟ್ಟುಬಿಟ್ಟರು. ಆಮೇಲೆ ಬಂಟ್ವಾಳಕ್ಕೆ ಹೋದೆ. ಅಕ್ಕ ಕೇಳಿ, “ಬಿಡು ಮಾರಾಯ್ತಿ, ಒಂದು ನಾಯಿ ಅಲ್ವಾ, ಅದೂ ಮುದಿ” ಎಂದಳು. ನಾಯಿಯ ವಿಷಯವಲ್ಲ ಅಕ್ಕ, ಶ್ರಾವ್ಯಳ ವಿಷಯ ಎಂದೆ. ಅವಳಿಗೆ ಅರ್ಥವಾಗಲಿಲ್ಲ; ಊಟಕ್ಕೆ ಏಳು ಎಂದಳು. ಊಟಕ್ಕೆ ಕೂರದೆ, ಎಲ್ಲರನ್ನೂ ಕರೆಸಿ ಮತ್ತೆ ಮೊದಲಿಂದ ಹೇಳಿದೆ. ಈಗ ಒಂದೊಂದು ಮನೆಗೆ ಹೋಗುತ್ತಿದ್ದೇನೆ. ನಾನು ಆ ಕತೆ ಹೇಳಿದ ಮನೆಗಳೆಲ್ಲ ನನಗೆ ನೆನಪಿವೆ. ಶ್ರಾವ್ಯ ಫೋನು ಮಾಡಿಲ್ಲ. ಮಗು ಹುಷಾರಾಗಿದ್ದಾನೆಂದು ಅಳಿಯ ತಿಳಿಸಿದರು. ಅವಳು ಕರೆಯುವವರೆಗೆ ನಾನು ಬೆಳ್ತಂಗಡಿಗೆ ಹೋಗುವುದಿಲ್ಲ. ಕರೆಯದಿದ್ದರೆ, ಅದೂ ಸರಿಯೇ.

ನಿನ್ನೆ ಪಾಣೆಮಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರಿಗೆ ಈಗ ಕಿವಿ ಮಂದ. ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ತಲೆಯಾಡಿಸುತ್ತಾ ಕೇಳಿದರು. ಮುಗಿದ ಮೇಲೆ ಕಿವಿಗೆ ಕೈ ಹಿಡಿದು, “ಯಾರು ಕೊಂದದ್ದು ಅಂದಿ?” ಎಂದರು.

“ನಾನು” ಎಂದೆ. ಕೇಳಿಸಲಿಲ್ಲ. ಎದುರಿನ ಅಂಗಡಿಯಲ್ಲಿ ನಿಂತವರು ಈ ಕಡೆ ತಿರುಗಿದರು. ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ — ನಾನು, ಚಿಕ್ಕಮ್ಮ. ಶ್ರಾವ್ಯ ಅಲ್ಲ. ನಾನು.